ಕೆನಡಾ ನೋಡೋಕೆ ಇಡೀ ಕೆನಡಾ ಓಡಬೇಕಿಲ್ಲ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಸಾಗರದ ಕಡೆಯವನು. ವಯಸ್ಸು 62. ಮಗಳು, ಅಳಿಯ ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿದ್ದಾರೆ. ಮುಂದಿನ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಾವಿಬ್ಬರೂ ಅಲ್ಲಿರುತ್ತೇವೆ. ಹೋದ ಸಲ ನಯಾಗರ, ಸಿಎನ್ ಟವರ್ ಎಲ್ಲ ಆಯ್ತು. ಈ ಸಲ ಕಾಡು, ಪ್ರಾಣಿ, ಅಲ್ಲಿನ ಮೂಲ ಜನರ ಬದುಕು ನೋಡುವ ಆಸೆ. ಆದರೆ ಪ್ರಕೃತಿಗೆ ಹೊರೆಯಾಗಬಾರದು. ನಮಗೆ ಕಾರು ಓಡಿಸಲು ಬರುವುದಿಲ್ಲ. ಸಸ್ಯಾಹಾರಿಗಳು. ಇಡೀ ದೇಶವನ್ನು ರೈಲಿನಲ್ಲಿ ಸುತ್ತಿದರೆ ಹೇಗೆ? ‘ಗ್ರೀನ್ ಟೂರ್’ ಅಂತ ಜಾಹೀರಾತು ಕೊಡುವವರನ್ನು ನಂಬಬಹುದೇ?

ಉತ್ತರ: ಮೇಷ್ಟ್ರೇ, ಮೊದಲು ಇಡೀ ದೇಶ ಸುತ್ತುವ ಯೋಚನೆ ಬಿಟ್ಟುಬಿಡಿ. ಕೆನಡಾ ನಮ್ಮ ದೇಶದ ಮೂರರಷ್ಟು ದೊಡ್ಡದು. ಜನ ಮಾತ್ರ ನಾಲ್ಕು ಕೋಟಿ ಚಿಲ್ಲರೆ. ಅಂದರೆ ಕರ್ನಾಟಕಕ್ಕಿಂತಲೂ ಕಡಿಮೆ. ಟೊರಾಂಟೊದಿಂದ ವ್ಯಾಂಕೂವರ್‌ಗೆ ರೈಲು ದಾರಿ 4,466 ಕಿ.ಮೀ. ನಮ್ಮ ದೇಶದ ಅತಿ ಉದ್ದದ ರೈಲು, ದಿಬ್ರುಗಢದಿಂದ ಕನ್ಯಾಕುಮಾರಿಗೆ ಬರುವ ವಿವೇಕ್ ಎಕ್ಸ್‌ಪ್ರೆಸ್ ಕೂಡ ಅಷ್ಟು ದೂರ ಓಡುವುದಿಲ್ಲ.

ನಾನು ಹದಿನೇಳು ವರ್ಷದಿಂದ ಒಂಟಾರಿಯೊದಲ್ಲಿದ್ದೇನೆ. ಸಣ್ಣ ಗುಂಪುಗಳಿಗೆ ಪ್ರವಾಸ ಹೊಂದಿಸಿಕೊಡುವುದೇ ನನ್ನ ಕೆಲಸ. ಹದಿನೈದು ದಿನಕ್ಕೆ ಒಂಬತ್ತು ಊರು ನೋಡಿ ಬಂದವರನ್ನು ತುಂಬ ಕಂಡಿದ್ದೇನೆ. ಫೋಟೋ ತೋರಿಸುವಾಗ ಇದು ಯಾವ ಕೆರೆ ಅಂತ ಅವರಿಗೇ ಗೊತ್ತಾಗುವುದಿಲ್ಲ. ಒಂದೇ ಊರಲ್ಲಿ ಐದು ದಿನ ಇದ್ದು ಬಂದವರು ಮಾತ್ರ ಅಲ್ಲಿನ ಅಜ್ಜಿ ಹೇಳಿದ ಕಥೆ ಹೇಳುತ್ತಾರೆ. ನನ್ನ ಪ್ರಕಾರ ಹಸಿರು ಪ್ರವಾಸ ಅಂದರೆ ಎರಡೇ ವಿಷಯ. ಕಡಿಮೆ ಜಾಗಕ್ಕೆ ಹೋಗಿ ಜಾಸ್ತಿ ದಿನ ಇರಬೇಕು. ಕೊಟ್ಟ ದುಡ್ಡು ಆ ನೆಲದವರ ಕೈಗೇ ಹೋಗಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ರೈಲಿನ ಬಗ್ಗೆ ಕೇಳಿದ್ದೀರಿ. ನನಗೂ ರೈಲು ಅಂದರೆ ಪ್ರಾಣ. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ವ್ಯಾಂಕೂವರ್‌ಗೆ ಹೋಗುವ ‘ದಿ ಕೆನೆಡಿಯನ್’ ಡೀಸೆಲ್ ರೈಲು. ಬೋಗಿಗಳು 1950ರ ದಶಕದ ಸ್ಟೀಲ್ ಬೋಗಿಗಳು. ಮಲಗುವ ಬೋಗಿ, ಊಟದ ಬೋಗಿ, ಗಾಜಿನ ಮಾಡಿನ ಬೋಗಿ ಅಂತ ಉದ್ದಕ್ಕೆ ಇರುತ್ತವೆ, ಒಳಗೆ ಜನ ಕಡಿಮೆ. ತಲಾ ಲೆಕ್ಕ ಹಾಕಿದರೆ ವಿಮಾನಕ್ಕಿಂತ ಕಡಿಮೆ ಹೊಗೆ ಅಂತ ಎದೆ ತಟ್ಟಿ ಹೇಳೋಕೆ ಆಗುವುದಿಲ್ಲ. ಹಳಿ ಬಹುಪಾಲು ಸರಕು ಸಾಗಿಸುವ ಕಂಪನಿಯದು. ಎದುರಿನಿಂದ ಎರಡು, ಮೂರು ಕಿಲೋಮೀಟರ್ ಉದ್ದದ ಗೂಡ್ಸ್ ಬಂದರೆ ನಮ್ಮ ರೈಲು ಪಕ್ಕದ ಹಳಿಯಲ್ಲಿ ಕಾದು ನಿಲ್ಲಬೇಕು. ಹಾಗಾಗಿ ತಡವಾಗುವುದು ಮಾಮೂಲು. ಇಳಿದ ದಿನವೇ ಇನ್ನೊಂದು ರೈಲು, ಬಸ್ಸು ಹಿಡಿಯುವ ಹಾಗೆ ಟಿಕೆಟ್ ಮಾಡಿಸಬೇಡಿ. ನಡುವೆ ಒಂದು ರಾತ್ರಿ ಬಿಡಿ.

ಟೊರಾಂಟೊ, ಮಾಂಟ್ರಿಯಲ್, ಕ್ವಿಬೆಕ್ ನಗರದ ದಾರಿಯ ಕಥೆ ಬೇರೆ. ರೈಲು ತುಂಬಿರುತ್ತದೆ, ದಿನಕ್ಕೆ ಹಲವು ಸಲ ಓಡುತ್ತದೆ, ದೂರವೂ ಕಡಿಮೆ. ಅಲ್ಲಿ ಕಾರು, ವಿಮಾನ ಬಿಟ್ಟು ರೈಲು ಹತ್ತಿದರೆ ನಿಜಕ್ಕೂ ಲಾಭ. ಇನ್ನು ಬೆಂಗಳೂರಿಂದ ಟೊರಾಂಟೊಗೆ ಹಾರಿ ಬರುವುದೇ ನಿಮ್ಮ ಪ್ರವಾಸದ ಅತಿ ದೊಡ್ಡ ಹೊಗೆ. ಅದನ್ನು ಯಾವ ಹಸಿರು ಹೋಟೆಲೂ ತೊಳೆಯುವುದಿಲ್ಲ. ಒಂದು ಸಲ ಬಂದು ಮೂರು ತಿಂಗಳು ಇರುವುದು, ಮೂರು ಸಲ ಬಂದು ಒಂದೊಂದು ತಿಂಗಳು ಇರುವುದಕ್ಕಿಂತ ಎಷ್ಟೋ ಮೇಲು. ಆ ಲೆಕ್ಕದಲ್ಲಿ ನೀವು ಈಗಾಗಲೇ ಸರಿಯಾದದ್ದನ್ನೇ ಮಾಡಿದ್ದೀರಿ.

ನಿಮಗೆ ನಾನು ಹೇಳುವುದು ಎರಡು ಜಾಗ. ಕೈಯಲ್ಲಿ ದುಡ್ಡು, ಮೈಯಲ್ಲಿ ಕಸುವು ಇದ್ದರೆ ಮೂರನೆಯದು.

ಮೊದಲನೆಯದು ಮ್ಯಾನಿಟೌಲಿನ್ ದ್ವೀಪ. ಹ್ಯೂರಾನ್ ಸರೋವರದಲ್ಲಿದೆ. ಸಿಹಿನೀರಿನ ಸರೋವರದೊಳಗಿನ ದ್ವೀಪಗಳಲ್ಲಿ ಪ್ರಪಂಚಕ್ಕೇ ದೊಡ್ಡದು. ಇಲ್ಲಿಗೆ ಮಗಳು, ಅಳಿಯನ ಜೊತೆಗೇ ಹೋಗಿ. ಒಂದು ಕಾರಲ್ಲಿ ನಾಲ್ಕು ಜನ ಕೂತರೆ ಅದೇನೂ ದೊಡ್ಡ ಪಾಪವಲ್ಲ. ಟೊರಾಂಟೊದಿಂದ ಟೋಬರ್ಮೊರಿಗೆ ಸುಮಾರು 300 ಕಿ.ಮೀ. ಅಲ್ಲಿಂದ ‘ಚಿ-ಚೀಮಾನ್’ ಅನ್ನುವ ದೊಡ್ಡ ಹಡಗಿದೆ, ಕಾರನ್ನೂ ಹೊಟ್ಟೆಯೊಳಗೆ ಹಾಕಿಕೊಂಡು ಹೋಗುತ್ತದೆ. ಓಜಿಬ್ವೆ ಭಾಷೆಯಲ್ಲಿ ಆ ಹೆಸರಿಗೆ ದೊಡ್ಡ ದೋಣಿ ಅಂತಲೇ ಅರ್ಥ. ಎರಡು ಗಂಟೆಗೆ ಸ್ವಲ್ಪ ಕಡಿಮೆ ಪ್ರಯಾಣ. ನಿಮ್ಮ ಕಡೆಯ ಹೊಳೆಬಾಗಿಲು ಲಾಂಚ್ ನೆನಪಾಗದೆ ಇರದು.

ದ್ವೀಪದ ಪೂರ್ವಕ್ಕೆ ವಿಕ್ವೆಮಿಕಾಂಗ್ ಅಂತ ಒಂದು ಸೀಮೆ ಇದೆ. ಅನಿಶಿನಾಬೆ ಜನರದು, ಓಜಿಬ್ವೆಗಳೂ ಈ ಬಳಗದವರೇ. 1862ರಲ್ಲಿ ಸರ್ಕಾರ ದ್ವೀಪದ ನೆಲ ಬರೆಸಿಕೊಳ್ಳಲು ಬಂದಾಗ ಇವರು ರುಜು ಹಾಕಲಿಲ್ಲ. ಇವತ್ತಿಗೂ ಅದನ್ನು ‘ಬಿಟ್ಟುಕೊಡದ ನೆಲ’ ಅಂತಲೇ ಕರೆಯುತ್ತಾರೆ. ಊರಿನ ಬೋರ್ಡಿನ ಮೇಲೂ ಆ ಮಾತಿದೆ. ಆಗಸ್ಟ್ ತಿಂಗಳ ಮೊದಲ ಸೋಮವಾರ ಒಂಟಾರಿಯೊದಲ್ಲಿ ರಜೆ. ಆ ರಜೆಯ ಸಾಲಿನಲ್ಲಿ ಇಲ್ಲಿ ದೊಡ್ಡ ಪೌವೌ ನಡೆಯುತ್ತದೆ. ಪೌವೌ ಅಂದರೆ ಕುಣಿತ, ಹಾಡು, ಡೋಲು, ಊಟ, ನೆಂಟರಿಷ್ಟರು ಸೇರುವುದು ಎಲ್ಲ. ನಮ್ಮ ಊರ ಜಾತ್ರೆ ಅಂದುಕೊಳ್ಳಿ. ಹೊರಗಿನವರೂ ಹೋಗಬಹುದು.

ಅಲ್ಲಿ ಹೇಗಿರಬೇಕು ಅಂತ ಸ್ವಲ್ಪ ಹೇಳುತ್ತೇನೆ. ಶುರುವಿನಲ್ಲಿ ಹದ್ದಿನ ಗರಿ ಕಟ್ಟಿದ ಕೋಲು ಹಿಡಿದವರು ಮುಂದೆ, ಹಿಂದೆ ಹಿರಿಯರು, ಆಮೇಲೆ ಕುಣಿಯುವವರು ಅಂಗಳಕ್ಕೆ ಬರುತ್ತಾರೆ. ಆಗ ಎಲ್ಲರೂ ಎದ್ದು ನಿಲ್ಲಬೇಕು, ಟೋಪಿ ತೆಗೆಯಬೇಕು. ಫೋಟೋ ತೆಗೆಯಬೇಡಿ ಅಂತ ಮೈಕಿನಲ್ಲಿ ಹೇಳಿದರೆ ಫೋನು ಜೇಬಿಗೆ ಹಾಕಿ. ಅವರು ತೊಟ್ಟಿದ್ದನ್ನು ‘ಕಾಸ್ಟ್ಯೂಮ್’ ಅನ್ನಬೇಡಿ. ತುಳುನಾಡಿನಲ್ಲಿ ಕೋಲ ಕಟ್ಟಿದವರ ಅಣಿಯನ್ನು ಯಾರಾದರೂ ಫ್ಯಾನ್ಸಿ ಡ್ರೆಸ್ ಅಂದರೆ ನಮಗೆ ಹೇಗನ್ನಿಸುತ್ತದೆ? ಇದೂ ಹಾಗೇ. ಒಂದೊಂದು ಗರಿ, ಒಂದೊಂದು ಮಣಿ ಯಾರೋ ಕೊಟ್ಟದ್ದು, ಯಾವುದೋ ಕಾರಣಕ್ಕೆ ಬಂದದ್ದು. ಮುಟ್ಟಬಾರದು.

ಇದೇ ದ್ವೀಪದ ಮಚಿಗೀಂಗ್ ಊರಲ್ಲಿ ಓಜಿಬ್ವೆ ಸಂಸ್ಕೃತಿ ಕೇಂದ್ರ ಇದೆ. ಅಲ್ಲಿ ಮುಳ್ಳುಹಂದಿಯ ಮುಳ್ಳಿನಿಂದ ಮಾಡಿದ ಪೆಟ್ಟಿಗೆಗಳನ್ನು ನೋಡದೆ ಬರಬೇಡಿ. ಒಂದು ದಿನ ಮಧ್ಯಾಹ್ನ ಪೂರ್ತಿ ಒಬ್ಬ ಹೆಂಗಸು ಅದನ್ನು ಮಾಡುವುದನ್ನು ನೋಡುತ್ತ ಕೂತಿದ್ದೆ. ಬರ್ಚ್ ಮರದ ತೊಗಟೆ, ನಮ್ಮ ಹಾಳೆ ತರಹ ಬಗ್ಗುತ್ತದೆ. ಅದಕ್ಕೆ ದಬ್ಬಳದಂಥದ್ದರಲ್ಲಿ ಸಣ್ಣ ತೂತು ಚುಚ್ಚುತ್ತಾರೆ. ಬಣ್ಣ ಹಾಕಿದ ಮುಳ್ಳನ್ನು ಒದ್ದೆ ಮಾಡಿ ಮೆತ್ತಗಾಗಿಸಿ ತೂತಿಗೆ ತೂರಿಸುತ್ತಾರೆ. ಒಳಗಡೆ ಮಡಚುತ್ತಾರೆ. ತೊಗಟೆ ಒಣಗಿದಂತೆ ತೂತು ಬಿಗಿಯಾಗಿ ಮುಳ್ಳು ಕೂತುಬಿಡುತ್ತದೆ. ಗೋಂದು ಬೇಕಿಲ್ಲ. ಅಂಗೈ ಅಗಲದ ಮುಚ್ಚಳಕ್ಕೆ ನೂರಾರು ಮುಳ್ಳು. ಅಂಚಿಗೆ ಒಂದು ಪರಿಮಳದ ಹುಲ್ಲು ಕಟ್ಟುತ್ತಾರೆ. ಮುಚ್ಚಳ ತೆರೆದರೆ ಆ ವಾಸನೆ. ನನಗೆ ನಮ್ಮಜ್ಜಿ ಸೀರೆ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಲಾವಂಚ ನೆನಪಾಯ್ತು. ಬೆಲೆ ಕೇಳಿದರೆ ಮೊದಲು ಗಾಬರಿಯಾಗುತ್ತದೆ. ಮಾಡುವುದನ್ನು ನೋಡಿದ ಮೇಲೆ ಚೌಕಾಸಿ ಮಾಡುವ ಮನಸ್ಸು ಬರುವುದಿಲ್ಲ.

ಎರಡನೆಯದು ಕ್ವಿಬೆಕ್ ರಾಜ್ಯದ ತಾದುಸಾಕ್. ಇದು ನಿಮ್ಮಿಬ್ಬರಿಗೇ ಸರಿಹೊಂದುವ ಊರು, ಕಾರೇ ಬೇಡ. ಟೊರಾಂಟೊದಿಂದ ಮಾಂಟ್ರಿಯಲ್‌ಗೆ ರೈಲು, ಅಲ್ಲಿಂದ ಕ್ವಿಬೆಕ್ ನಗರಕ್ಕೆ ರೈಲು. ಕ್ವಿಬೆಕ್‌ನಲ್ಲಿ ಎರಡು ರಾತ್ರಿ ನಿಲ್ಲಿ. ಪಕ್ಕದಲ್ಲೇ ವೆಂಡಾಕೆ ಅಂತ ಹ್ಯೂರಾನ್-ವೆಂಡಾಟ್ ಜನರ ಊರಿದೆ. ಅವರದೇ ಹೋಟೆಲ್ಲು, ಅವರದೇ ಮ್ಯೂಸಿಯಂ. ಹಿಂದೆ ಹಲವು ಸಂಸಾರ ಒಟ್ಟಿಗೆ ಬಾಳುತ್ತಿದ್ದ ಉದ್ದನೆಯ ಮನೆಯನ್ನು ತೊಗಟೆಯಲ್ಲಿ ಮತ್ತೆ ಕಟ್ಟಿದ್ದಾರೆ. ನಡುವೆ ಒಲೆ, ಎರಡೂ ಕಡೆ ಜಗಲಿಯಂಥ ಮಲಗುವ ಕಟ್ಟೆ. ಸಂಜೆ ಬೆಂಕಿಯ ಮುಂದೆ ಕಥೆ ಹೇಳುತ್ತಾರೆ.

ಕ್ವಿಬೆಕ್‌ನಿಂದ ತಾದುಸಾಕ್‌ಗೆ ಬಸ್ಸಿದೆ, ನಾಲ್ಕು ಗಂಟೆ ದಾರಿ. ಕೊನೆಗೆ ಸಾಗ್ನೆ ನದಿ ದಾಟಬೇಕು. ಸೇತುವೆ ಇಲ್ಲ. ಬಸ್ಸೇ ಹಡಗು ಹತ್ತುತ್ತದೆ. ಆ ಹಡಗಿಗೆ ದುಡ್ಡಿಲ್ಲ, ಹಗಲು ರಾತ್ರಿ ಓಡುತ್ತದೆ.

ಇಲ್ಲಿಗೆ ತಿಮಿಂಗಿಲ ಯಾಕೆ ಬರುತ್ತವೆ ಗೊತ್ತಾ? ಸಮುದ್ರದ ತಳದಲ್ಲಿ ಒಂದು ಆಳವಾದ ಕಾಲುವೆ ಅಟ್ಲಾಂಟಿಕ್‌ನಿಂದ ಒಳನಾಡಿನವರೆಗೆ ಬಂದಿದೆ. ಮುನ್ನೂರು ಮೀಟರಿಗೂ ಹೆಚ್ಚು ಆಳ. ತಾದುಸಾಕ್ ಹತ್ತಿರ ಅದು ಥಟ್ಟನೆ ಮೇಲೆದ್ದು ಮುಗಿಯುತ್ತದೆ. ತಳದ ತಣ್ಣನೆಯ ನೀರು ಮುಂದೆ ಹೋಗಲಾಗದೆ ಮೇಲಕ್ಕೆ ಬರುತ್ತದೆ. ಅದರ ಜೊತೆ ಸೀಗಡಿಯಂಥ ಸಣ್ಣ ಜೀವಿಗಳೂ ಬರುತ್ತವೆ. ಆ ಊಟಕ್ಕೆ ತಿಮಿಂಗಿಲಗಳು ಬೇಸಿಗೆ ಪೂರ್ತಿ ಇಲ್ಲೇ ಬೀಡುಬಿಡುತ್ತವೆ. ಅದೃಷ್ಟ ಇದ್ದರೆ ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿ, ನೀಲಿ ತಿಮಿಂಗಿಲವೂ ಕಾಣುತ್ತದೆ.

ಎಲ್ಲರೂ ದೋಣಿ ಹತ್ತುತ್ತಾರೆ. ನೀವು ಹತ್ತಬೇಡಿ ಅಂತ ನನ್ನ ಸಲಹೆ. ಮೊದಲ ಸಲ ಹೋದಾಗ ನಾನೂ ದೋಣಿಯಲ್ಲೇ ಹೋಗಿದ್ದೆ. ದೋಣಿಯವರು ತಿಮಿಂಗಿಲ ಮುಳುಗಿದ ಕಡೆಗೇ ಎಂಜಿನ್ ಏರಿಸಿಕೊಂಡು ಓಡಿಸಿದರು. ಅದು ಎದ್ದಾಗ ನಾವು ತೀರ ಹತ್ತಿರ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ, ಊಟಕ್ಕೆ ಕೂತವರ ಎಲೆ ಮುಂದೆ ನಿಂತು ಕಿರುಚಿದ ಹಾಗೆ ಅನ್ನಿಸಿತು. ತಿಮಿಂಗಿಲ ಕಣ್ಣಿಗಿಂತ ಕಿವಿಯಿಂದ ಬದುಕುವ ಪ್ರಾಣಿ. ಎಂಜಿನ್ ಸದ್ದು ಜಾಸ್ತಿಯಾದರೆ ಅದಕ್ಕೆ ಊಟ ಸಿಗದು, ಮರಿಯ ಕೂಗು ಕೇಳದು. ಅಲ್ಲಿನ ಬಿಳಿ ಬೆಲುಗಾ ತಿಮಿಂಗಿಲಗಳು ನೂರು ವರ್ಷದ ಹಿಂದೆ ಹತ್ತು ಸಾವಿರದಷ್ಟಿದ್ದವು. ಬೇಟೆಯಾಡಿ ಮುಗಿಸಿದರು. ಬೇಟೆ ನಿಲ್ಲಿಸಿ ನಲವತ್ತು ವರ್ಷದ ಮೇಲಾಯಿತು, ಈಗಲೂ ಎರಡು ಸಾವಿರದ ಆಸುಪಾಸಿನಲ್ಲೇ ಇವೆ. ದೋಣಿಗಳು ಬೆಲುಗಾದಿಂದ 400 ಮೀಟರ್ ದೂರ ಇರಬೇಕು ಅಂತ ಕಾನೂನಿದೆ.

ದಡದಿಂದಲೇ ನೋಡಿ. ತಾದುಸಾಕ್ ಊರೊಳಗಿಂದಲೇ ನಡೆದು ಹೋಗುವ ಒಂದು ಚಿಕ್ಕ ಬಂಡೆಯ ಚಾಚು ಇದೆ, ಪ್ವಾಂತ್ ದ ಲಿಸ್ಲೆ. ಹಲಗೆ ಹಾಸಿದ ದಾರಿ, ನಿಮ್ಮ ಮನೆಯವರಿಗೂ ಕಷ್ಟವಾಗದು. ಇನ್ನೂ ಮುಂದೆ ಬೆರ್ಜೆರಾನ್ ಹತ್ತಿರ ಕಾಪ್ ದ ಬೋಂ-ದೆಜೀರ್ ಅನ್ನುವ ಬಂಡೆ ಇದೆ. ಅಲ್ಲಿ ದಡದ ಬುಡದಲ್ಲೇ ಆಳ. ಹಾಗಾಗಿ ತಿಮಿಂಗಿಲ ಬಂಡೆ ಹತ್ತಿರಕ್ಕೇ ಬರುತ್ತದೆ. ಒಂದು ಚಾಪೆ, ಒಂದು ಸ್ವೆಟರ್, ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಬೆಳಿಗ್ಗೆ ಹೋಗಿ ಕೂರಿ. ಜುಲೈನಲ್ಲೂ ಗಾಳಿ ಚಳಿ ಹಿಡಿಸುತ್ತದೆ. ಮೊದಲು ಏನೂ ಕಾಣದು. ನೀರು ಸುಮ್ನೆ ಹರಿಯುತ್ತಿರುತ್ತದೆ. ಆಮೇಲೆ ‘ಫುಸ್ಸ್’ ಅಂತ ಒಂದು ಸದ್ದು, ಪ್ರೆಶರ್ ಕುಕ್ಕರಿನ ಹಬೆ ಬಿಟ್ಟ ಹಾಗೆ. ಕಣ್ಣಿಗೆ ಕಾಣುವ ಮೊದಲೇ ಅದರ ಉಸಿರು ಕೇಳುತ್ತದೆ. ಬಂಡೆ ಮೇಲೆ ಕೂತ ಐವತ್ತು ಜನ ಒಮ್ಮೆಲೇ ಸುಮ್ಮನಾಗುತ್ತಾರೆ. ದೋಣಿಯಲ್ಲಿ ಆ ಉಸಿರು ಎಂಜಿನ್ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಮೂರು ದಿನ ಹೀಗೆ ಕೂತು ನೋಡಿ. ಉಳಿದುಕೊಳ್ಳಲು ಹತ್ತಿರದ ಎಸ್ಸಿಪಿಟ್ ಅನ್ನುವ ಮೂಲ ಜನರ ಊರಲ್ಲಿ ಅವರೇ ನಡೆಸುವ ಮನೆಗಳೂ ಇವೆ.

ಮೂರನೆಯದು ಚರ್ಚಿಲ್. ಹಡ್ಸನ್ ಕೊಲ್ಲಿಯ ದಡದಲ್ಲಿ ಒಂಬೈನೂರು ಜನರಷ್ಟೇ ಇರುವ ಊರು. ರಸ್ತೆಯೇ ಇಲ್ಲ. ರೈಲು, ಇಲ್ಲವೇ ವಿಮಾನ. ಟೊರಾಂಟೊದಿಂದ ವಿನ್ನಿಪೆಗ್‌ಗೆ ‘ದಿ ಕೆನೆಡಿಯನ್’ ಒಂದೂವರೆ ದಿನ. ವಿನ್ನಿಪೆಗ್‌ನಿಂದ ಚರ್ಚಿಲ್‌ಗೆ ಇನ್ನೊಂದು ರೈಲು, 1,700 ಕಿ.ಮೀ., ಎರಡು ರಾತ್ರಿ. ಇಷ್ಟು ಹೊತ್ತು ಯಾಕೆ ಅಂದರೆ, ಉತ್ತರಕ್ಕೆ ಹೋದಂತೆ ನೆಲದಡಿ ವರ್ಷಪೂರ್ತಿ ಹೆಪ್ಪುಗಟ್ಟಿದ ಮಣ್ಣು. ಮೇಲೆ ಜವುಗು. ಬಿಸಿಲಿಗೆ ಹೆಪ್ಪು ಕರಗಿದರೆ ಹಳಿ ಕುಸಿಯುತ್ತದೆ. ರೈಲು ಮೆಲ್ಲಗೆ ಹೋಗಲೇಬೇಕು. 2017ರ ಪ್ರವಾಹದಲ್ಲಿ ಹಳಿ ಅಲ್ಲಲ್ಲಿ ಕೊಚ್ಚಿಹೋಗಿ ಒಂದೂವರೆ ವರ್ಷ ರೈಲೇ ಇರಲಿಲ್ಲ. ಈಗ ಆ ಹಳಿಯ ಒಡೆತನ ಅಲ್ಲಿನ ಮೂಲ ಜನರ ಊರುಗಳು ಮತ್ತು ಹಳಿ ಪಕ್ಕದ ಊರುಗಳು ಸೇರಿ ಮಾಡಿಕೊಂಡ ಸಂಸ್ಥೆಯದು. ಈ ರೈಲಿನಲ್ಲಿ ಹೊಗೆಯ ಲೆಕ್ಕ ಏನೇ ಇರಲಿ, ಟಿಕೆಟ್ ಕೊಳ್ಳುವವರು ಹೆಚ್ಚಾದಷ್ಟೂ ಆ ಊರುಗಳ ದಾರಿ ಉಳಿಯುತ್ತದೆ. ಹಾಗಾಗಿ ನಾನು ಇದನ್ನು ಧಾರಾಳವಾಗಿ ಹೇಳುತ್ತೇನೆ.

ಹಿಮಕರಡಿಗೆ ಹೆಸರಾದ ಊರು ಇದು. ಕರಡಿಗಳು ದಂಡಿಯಾಗಿ ಕಾಣುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಆಗ ನೀವಿರುವುದಿಲ್ಲ. ಆದರೆ ಜುಲೈ, ಆಗಸ್ಟ್‌ನಲ್ಲಿ ಬೆಲುಗಾಗಳು ಸಾವಿರಗಟ್ಟಲೆ ಚರ್ಚಿಲ್ ನದಿಯ ಬಾಯಿಗೆ ಬರುತ್ತವೆ. ಇವು ತಾದುಸಾಕ್ ಕಡೆಯವುಗಳ ಹಾಗೆ ಅಳಿವಿನ ಅಂಚಿನಲ್ಲಿಲ್ಲ. ಇಲ್ಲಿ ಮಾತ್ರ ದೋಣಿ ಹತ್ತಿ. ಎಂಜಿನ್ ನಿಲ್ಲಿಸಿ ನೀರೊಳಗೆ ಮೈಕು ಇಳಿಬಿಡುವ ದೋಣಿಯವರು ಇದ್ದಾರೆ, ಅವರನ್ನೇ ಹುಡುಕಿ. ಸ್ಪೀಕರಿನಲ್ಲಿ ಬರುವ ಸದ್ದು ಕೇಳಿದರೆ ನಂಬೋಕಾಗಲ್ಲ. ಗುಬ್ಬಿಯ ಚಿಲಿಪಿಲಿ, ಎಣ್ಣೆ ಕಾಣದ ಬಾಗಿಲ ಕಿರ್‍ರ್, ಬಾಯಲ್ಲಿ ಹಾಕುವ ಸೀಟಿ, ಎಲ್ಲ ಒಟ್ಟಿಗೆ. ಹಿಂದಿನ ನಾವಿಕರು ಇವನ್ನು ‘ಸಮುದ್ರದ ಹಾಡುಹಕ್ಕಿ’ ಅನ್ನುತ್ತಿದ್ದರಂತೆ. ಮರಿಗಳು ಬೂದು ಬಣ್ಣ, ಅಮ್ಮನ ಬೆನ್ನಿಗೆ ಅಂಟಿಕೊಂಡೇ ಈಜುತ್ತವೆ. ಹೆಚ್ಚಿನ ತಿಮಿಂಗಿಲಗಳಿಗೆ ಆಗದ್ದು ಇವಕ್ಕೆ ಆಗುತ್ತದೆ, ಕತ್ತು ತಿರುಗಿಸುತ್ತವೆ. ನೀರಿನಿಂದ ತಲೆ ಓರೆ ಮಾಡಿ ನೋಡುತ್ತವೆ. ಆ ನೋಟ ಮರೆಯೋಕಾಗಲ್ಲ.

ಈ ನದಿಯ ಇನ್ನೊಂದು ಕಥೆಯನ್ನೂ ನಿಮಗೆ ಹೇಳಲೇಬೇಕು. 1970ರ ದಶಕದಲ್ಲಿ ಚರ್ಚಿಲ್ ನದಿಯ ಬಹುಪಾಲು ನೀರನ್ನು ನೆಲ್ಸನ್ ನದಿಯ ಕಡೆ ತಿರುಗಿಸಿದರು. ಅಲ್ಲಿನ ವಿದ್ಯುತ್ ಕೇಂದ್ರಗಳಿಗಾಗಿ. ದಾರಿಯಲ್ಲಿದ್ದ ಸದರ್ನ್ ಇಂಡಿಯನ್ ಲೇಕ್ ಸರೋವರದ ನೀರು ಏರಿತು. ದಡದ ಕ್ರೀ ಜನರ ಊರು ಮುಳುಗಿತು. ಒಳ್ಳೆಯ ಸಂಪಾದನೆ ಇದ್ದ ಮೀನುಗಾರಿಕೆ ಹಾಳಾಯಿತು. ಲಿಂಗನಮಕ್ಕಿ ಕಂಡ ಸೀಮೆಯವರಿಗೆ ಮುಳುಗಡೆ ಅಂದರೇನು ಅಂತ ನಾನು ವಿವರಿಸಬೇಕಿಲ್ಲ. ಶರಾವತಿ ಸಂತ್ರಸ್ತರು ಹಕ್ಕುಪತ್ರಕ್ಕೆ ಅಲೆದದ್ದು ನೀವು ಕಣ್ಣಾರೆ ಕಂಡಿರುತ್ತೀರಿ. ಚರ್ಚಿಲ್ ಇರುವ ಮ್ಯಾನಿಟೋಬಾ ರಾಜ್ಯದಲ್ಲಿ ‘ನಮ್ಮದು ಶುದ್ಧ ವಿದ್ಯುತ್, ಹಸಿರು ಹೋಟೆಲ್’ ಅನ್ನುವ ಬೋರ್ಡ್ ನೋಡಿದಾಗ ಈ ಊರನ್ನೂ ನೆನೆಸಿಕೊಳ್ಳಿ. ಚರ್ಚಿಲ್‌ನಲ್ಲಿ ಸಯಿಸಿ ಡೆನೆ ಜನರ ಸ್ಮಾರಕವೂ ಇದೆ. 1956ರಲ್ಲಿ ಸರ್ಕಾರ ಇವರನ್ನು ಕ್ಯಾರಿಬೂ ಜಿಂಕೆಗಳ ನಾಡಿನಿಂದ ವಿಮಾನದಲ್ಲಿ ತಂದು ಚರ್ಚಿಲ್ ಹೊರವಲಯದಲ್ಲಿ ಬಿಟ್ಟಿತು. ಸರಿಯಾದ ಮನೆಯಿಲ್ಲ, ಬೇಟೆಯಿಲ್ಲ. ಎಷ್ಟೋ ಜನ ಸತ್ತರು. 1970ರ ದಶಕದಲ್ಲಿ ಉಳಿದವರು ತಾವೇ ಎದ್ದು ಟಾಡೂಲ್ ಸರೋವರದ ಕಡೆಗೆ ಹೋಗಿ ಊರು ಕಟ್ಟಿಕೊಂಡರು. ಕೇಂದ್ರ ಸರ್ಕಾರ ಕ್ಷಮೆ ಕೇಳಿದ್ದು 2016ರಲ್ಲಿ. ಬೆಲುಗಾ ನೋಡಿದ ದಿನವೇ ಆ ಕಲ್ಲಿನ ಮುಂದೆಯೂ ಹೋಗಿ ನಿಲ್ಲಿ.

ಪಶ್ಚಿಮದ ರಾಕಿ ಬೆಟ್ಟಗಳಲ್ಲಿರುವ ಬ್ಯಾನ್ಫ್ ಉದ್ಯಾನ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀರಿ. ಚೆನ್ನಾಗಿಲ್ಲ ಅಂತಲ್ಲ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಜನ ಜಾತ್ರೆ. ಮೊರೇನ್ ಸರೋವರಕ್ಕೆ 2023ರಿಂದ ಸ್ವಂತ ಕಾರು ಬಿಡುವುದೇ ನಿಲ್ಲಿಸಿದ್ದಾರೆ, ಬಸ್ಸಿನಲ್ಲೇ ಹೋಗಬೇಕು. ಅದು ಒಳ್ಳೆಯ ಕೆಲಸ. ಅದಕ್ಕಿಂತ ಒಳ್ಳೆಯದು ಅಲ್ಲಿನ ಹೆದ್ದಾರಿ. ಕರಡಿ, ತೋಳ, ಕಡವೆ ದಾಟಲಿ ಅಂತ ರಸ್ತೆ ಮೇಲೆ ಆರು ಮಣ್ಣಿನ ಸೇತುವೆ, ಕೆಳಗೆ 38 ಸುರಂಗ ದಾರಿ, ಉದ್ದಕ್ಕೂ ಬೇಲಿ. ಗಾಡಿಗೆ ಸಿಕ್ಕಿ ಸಾಯುವ ಪ್ರಾಣಿಗಳ ಸಂಖ್ಯೆ ಶೇ. 80ಕ್ಕೂ ಹೆಚ್ಚು ಇಳಿದಿದೆ. ನಮ್ಮ ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಲ್ಲಿಸಿದ್ದಾರಲ್ಲ, ನನ್ನನ್ನು ಕೇಳಿದರೆ ಅದೇ ಇದಕ್ಕಿಂತ ಸರಳ. ಪ್ರಾಣಿಗೆ ರಾತ್ರಿಯನ್ನು ಬಹುಪಾಲು ಬಿಟ್ಟುಕೊಡುತ್ತದೆ. ಆದರೆ ಬ್ಯಾನ್ಫ್ ದಾರಿ ದೇಶದ ಪೂರ್ವ ಪಶ್ಚಿಮ ಸೇರಿಸುವ ಹೆದ್ದಾರಿ, ಮುಚ್ಚೋಕೆ ಬರಲ್ಲ.

ಆ ಬೆಟ್ಟಗಳಿಗೂ ಯಜಮಾನರಿದ್ದರು. ಸ್ಟೋನಿ ನಕೋಡಾ ಜನ ತಲೆತಲಾಂತರದಿಂದ ಅಲ್ಲಿ ಬೇಟೆಯಾಡುತ್ತಿದ್ದರು. 1885ರಲ್ಲಿ ಬಿಸಿನೀರ ಬುಗ್ಗೆಯ ಸುತ್ತ ಗಡಿ ಹಾಕಿದರು, ಉದ್ಯಾನ ಬೆಳೆದಂತೆ ಇವರನ್ನು ಹೊರಗಿಟ್ಟರು. ಕಾಡು ಉಳಿಯಬೇಕಾದರೆ ಕಾಡಿನವರು ಹೋಗಬೇಕು ಅನ್ನುವ ಆ ಯೋಚನೆ ನಾಗರಹೊಳೆಯ ಜೇನುಕುರುಬರ ಹಾಡಿಗಳವರೆಗೂ ಬಂದದ್ದು ನಮಗೆ ಗೊತ್ತು. ಇದಕ್ಕೆ ಎದುರಾಗಿ ನಿಂತದ್ದು ಪಶ್ಚಿಮ ಕರಾವಳಿಯ ಹೈಡಾ ಗ್ವಾಯಿ ದ್ವೀಪಗಳು. 1985ರಲ್ಲಿ ಮರ ಕಡಿಯುವ ಲಾರಿಗಳಿಗೆ ಹೈಡಾ ಜನ ಅಡ್ಡ ನಿಂತರು. 72 ಜನ ಬಂಧನವಾಯಿತು. 1993ರಲ್ಲಿ ಸರ್ಕಾರ ಅವರ ಜೊತೆ ಒಪ್ಪಂದ ಮಾಡಿಕೊಂಡಿತು. ಈಗ ಗ್ವಾಯಿ ಹಾನಸ್ ಉದ್ಯಾನವನ್ನು ಇಬ್ಬರೂ ಸೇರಿ ನಡೆಸುತ್ತಾರೆ. ಹಳೆಯ ಊರುಗಳಲ್ಲಿ ಬೇಸಿಗೆಯಲ್ಲಿ ಹೈಡಾ ಕಾವಲುಗಾರರೇ ಇದ್ದು ಬಂದವರನ್ನು ಮಾತಾಡಿಸುತ್ತಾರೆ. ಅಲ್ಲಿನ ಕೆತ್ತಿದ ದೊಡ್ಡ ಮರದ ಕಂಬಗಳು ಪಾಚಿ ಹಿಡಿದು, ವಾಲಿ, ಮಣ್ಣಾಗುತ್ತಿವೆ. ಎತ್ತಿ ಮ್ಯೂಸಿಯಂಗೆ ಸಾಗಿಸುವುದಿಲ್ಲ. ಮರ ಮಣ್ಣಿಗೆ ಹೋಗಬೇಕು ಅನ್ನುವುದು ಅವರ ರೀತಿ. ಅಲ್ಲಿಗೆ ಹೋಗಲು ಚಿಕ್ಕ ದೋಣಿಯಲ್ಲಿ ಒರಟು ಸಮುದ್ರ ದಾಟಬೇಕು, ಖರ್ಚೂ ಬಹಳ. ಈ ಸಲ ಬೇಡ. ಮುಂದೆ ಮಗಳು, ಅಳಿಯ ಹೋಗಲಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ‘ಗ್ರೀನ್ ಟೂರ್’ ನಂಬೋದಾ ಅಂತ. ಆ ಪದಕ್ಕೆ ಬೆಲೆ ಕೊಡಬೇಡಿ, ಪ್ರಶ್ನೆ ಕೇಳಿ. ಈ ಕಂಪನಿಯ ಮಾಲೀಕರು ಯಾರು? ಕರೆದುಕೊಂಡು ಹೋಗುವವರು ಆ ಊರಿನವರಾ? ಗುಂಪಿನಲ್ಲಿ ಎಷ್ಟು ಜನ? ಪ್ರಾಣಿ ಕಾಣದಿದ್ದರೆ ಏನು ಮಾಡುತ್ತೀರಿ? ಈ ಕೊನೆಯ ಪ್ರಶ್ನೆಯೇ ಮುಖ್ಯ. ‘ಕಾಣಿಸಿಯೇ ಕಾಣಿಸುತ್ತೇವೆ’ ಅಂದವರನ್ನು ಬಿಡಿ. ‘ಕಾಣದೇ ಇರಬಹುದು’ ಅಂದವರ ಜೊತೆ ಹೋಗಿ. ಮೂಲ ಜನರೇ ನಡೆಸುವ ಪ್ರವಾಸಗಳಿಗೆ ಅವರದೇ ರಾಷ್ಟ್ರೀಯ ಸಂಘ ಇದೆ. ‘ದಿ ಒರಿಜಿನಲ್ ಒರಿಜಿನಲ್’ ಅನ್ನುವ ಗುರುತು ಕೊಡುತ್ತಾರೆ. ಅದಿದ್ದರೆ ಕಣ್ಣು ಮುಚ್ಚಿ ಹೋಗಬಹುದು. ಇನುಯಿಟ್ ಜನರ ಕಲ್ಲಿನ ಕೆತ್ತನೆ ಕೊಳ್ಳುವುದಾದರೆ ಇಗ್ಲೂ ಚಿತ್ರದ ಚೀಟಿ ಇದೆಯಾ ನೋಡಿ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಗರಿ, ಬಲೆಯ ತೂಗು ಸಾಮಾನು ಬಹಳಷ್ಟು ಬೇರೆ ದೇಶದ ಫ್ಯಾಕ್ಟರಿಯದು. ಮಾಡಿದವರ ಹೆಸರು ಕೇಳಿ. ಹೆಸರು ಹೇಳದಿದ್ದರೆ ಕೊಳ್ಳಬೇಡಿ.

ಒಂದು ಮಾತಿನ ಎಚ್ಚರ. ಅಲ್ಲಿನ ಮೂಲ ಜನರನ್ನು ‘ಇಂಡಿಯನ್’, ‘ರೆಡ್ ಇಂಡಿಯನ್’ ಅನ್ನಬೇಡಿ. ಫಸ್ಟ್ ನೇಷನ್ಸ್, ಇನುಯಿಟ್, ಮೆಟಿ ಅಂತ ಮೂರು ದೊಡ್ಡ ಬಳಗಗಳು. 2021ರ ಜನಗಣತಿಯಲ್ಲಿ 18 ಲಕ್ಷ ಜನ. ಆ ಊರಿನವರು ತಮ್ಮನ್ನು ಏನಂತ ಕರೆದುಕೊಳ್ಳುತ್ತಾರೋ ಅದನ್ನೇ ಕಲಿತು ಹೇಳಿದರೆ ಮುಖ ಅರಳುತ್ತದೆ. ಅನಿಶಿನಾಬೆ ಭಾಷೆಯಲ್ಲಿ ಥ್ಯಾಂಕ್ಸ್‌ಗೆ ‘ಮೀಗ್ವೆಚ್’ ಅನ್ನುತ್ತಾರೆ. ಇಷ್ಟು ಕಲಿತರೂ ಸಾಕು. ಮಕ್ಕಳನ್ನು ಮನೆಯಿಂದ ಕಿತ್ತು ಇಟ್ಟ ವಸತಿ ಶಾಲೆಗಳ ಬಗ್ಗೆ ನೀವಾಗಿಯೇ ಕೇಳಬೇಡಿ. ಸುಮಾರು ಒಂದೂವರೆ ಲಕ್ಷ ಮಕ್ಕಳು ಅಲ್ಲಿ ಹೋಗಿದ್ದರು. ನಿಮ್ಮ ಎದುರು ಕೂತ ಅಜ್ಜಿಯೂ ಆ ಮಕ್ಕಳಲ್ಲಿ ಒಬ್ಬರಾಗಿರಬಹುದು. ಅವರಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿ. ನೀವು ಮೇಷ್ಟ್ರಾಗಿದ್ದವರು, ನಿಮಗೆ ಅದು ಬೇರೆ ರೀತಿ ತಟ್ಟುತ್ತದೆ.

ಊಟದ ವಿಷಯ. ದೊಡ್ಡ ಊರುಗಳಲ್ಲಿ ತೊಂದರೆಯಿಲ್ಲ. ಹಳ್ಳಿಗಳಲ್ಲಿ ಕೇಳಿಯೇ ತಿನ್ನಿ. ಮೂಲ ಜನರ ಬ್ಯಾನಕ್ ಅನ್ನುವ ರೊಟ್ಟಿ ನಿಮಗೆ ಇಷ್ಟವಾಗುತ್ತದೆ, ಆದರೆ ಕೆಲವರು ಹಂದಿ ಕೊಬ್ಬು ಹಾಕಿ ಕಲಸುತ್ತಾರೆ. ಕ್ವಿಬೆಕ್‌ನ ಬಟಾಣಿ ಸೂಪ್, ಹುರುಳಿಯಂಥ ಕಾಳಿನ ಪಲ್ಯ ನೋಡಿದರೆ ನಮ್ಮದೇ ಅನ್ನಿಸುತ್ತದೆ, ಅದರಲ್ಲೂ ಹಂದಿ ಇರುತ್ತದೆ. ಮುಸುಕಿನ ಜೋಳ, ಹುರುಳಿ ಜಾತಿಯ ಕಾಳು, ಕುಂಬಳ ಮೂರನ್ನು ‘ಮೂವರು ಅಕ್ಕತಂಗಿಯರು’ ಅಂತ ಒಟ್ಟಿಗೇ ಬೆಳೆಯುತ್ತಾರೆ, ಅದರ ಸೂಪ್ ಸಿಕ್ಕರೆ ಬಿಡಬೇಡಿ. ಮಾಂಸದ ನೀರು ಹಾಕಿಲ್ಲ ತಾನೇ ಅಂತ ಕೇಳಿಕೊಳ್ಳಿ. ಮೇಪಲ್ ಸಿರಪ್ ಕಾಯಿಸುವುದನ್ನು ನೀವು ನೋಡಲಾಗುವುದಿಲ್ಲ, ಅದು ಮಾರ್ಚ್, ಏಪ್ರಿಲ್ ಕೆಲಸ. ನಮ್ಮ ಆಲೆಮನೆಯ ಹಾಗೆ. 40 ಲೀಟರ್ ಮರದ ರಸ ಕುದಿಸಿದರೆ ಒಂದು ಲೀಟರ್ ಸಿರಪ್. ದೋಸೆಗೆ ಜೋನಿ ಬೆಲ್ಲದ ಬದಲು ಹಾಕಿಕೊಂಡು ನೋಡಿ. ರೈಲಿಗೆ ಅವಲಕ್ಕಿ, ಚಟ್ನಿಪುಡಿ ಇಟ್ಟುಕೊಳ್ಳಿ. ಊರಿಂದ ಹಸಿ ಹಣ್ಣು, ಬೀಜ, ಗಿಡ ಮಾತ್ರ ತರಬೇಡಿ.

ಸೊಳ್ಳೆ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಉತ್ತರದಲ್ಲಿ ಜುಲೈ ಸೊಳ್ಳೆ ಅಂದರೆ ಮಲೆನಾಡಿನ ಇಂಬಳದ ಕಾಟಕ್ಕೆ ಸಮ. ಉದ್ದ ತೋಳಿನ ತೆಳು ಬಣ್ಣದ ಅಂಗಿ ತನ್ನಿ. ಕಾಡ್ಗಿಚ್ಚಿನ ಹೊಗೆಯೂ ಈಗ ಬೇಸಿಗೆಯ ಭಾಗವಾಗಿದೆ. 2023ರಲ್ಲಿ ಒಂದೂವರೆ ಕೋಟಿ ಹೆಕ್ಟೇರ್ ಕಾಡು ಸುಟ್ಟಿತು. 2024ರ ಜುಲೈನಲ್ಲಿ ರಾಕಿ ಬೆಟ್ಟಗಳ ಜ್ಯಾಸ್ಪರ್ ಊರಿನ ಮೂರರಲ್ಲಿ ಒಂದು ಭಾಗ ಕಟ್ಟಡ ಹೋದವು. ಹಾಗಾಗಿ ದುಡ್ಡು ವಾಪಸ್ ಬರುವಂಥ ಬುಕಿಂಗ್ ಮಾಡಿ, ಇಬ್ಬರಿಗೂ ಆರೋಗ್ಯ ವಿಮೆ ಮಾಡಿಸದೆ ವಿಮಾನ ಹತ್ತಬೇಡಿ. ಎಲ್ಲಾದರೂ ಬೆಂಕಿ ಹಾಕಿ ಕೂರುವ ಆಸೆಯಾದರೆ ಕಟ್ಟಿಗೆ ಅಲ್ಲೇ ಕೊಳ್ಳಿ. ಊರಿಂದೂರಿಗೆ ಸಾಗಿಸಿದ ಕಟ್ಟಿಗೆಯಲ್ಲಿ ಬಂದ ಹುಳು ಒಂಟಾರಿಯೊದ ಆಶ್ ಮರಗಳನ್ನು ಲಕ್ಷಗಟ್ಟಲೆ ಕೊಂದಿದೆ.

ದಿನ ಹೀಗೆ ಹೊಂದಿಸಿ. ಜುಲೈ ಮಧ್ಯದಲ್ಲಿ ಚರ್ಚಿಲ್, ಹೋಗುವುದಾದರೆ. ಆ ಟಿಕೆಟ್ ಈಗಲೇ ಮಾಡಿಸಿ, ಮಲಗುವ ಬರ್ತ್ ಬೇಗ ಖಾಲಿಯಾಗುತ್ತದೆ. ಆಗಸ್ಟ್ ಮೊದಲ ವಾರ ಮ್ಯಾನಿಟೌಲಿನ್. ಸೆಪ್ಟೆಂಬರ್ ಮೊದಲ ಅರ್ಧದಲ್ಲಿ ತಾದುಸಾಕ್. ರಜೆಯವರು ಹೋಗಿರುತ್ತಾರೆ, ತಿಮಿಂಗಿಲ ಇನ್ನೂ ಇರುತ್ತವೆ. ನಡುವಿನ ದಿನಗಳಲ್ಲಿ ಮಗಳ ಮನೆಯಲ್ಲಿರಿ. ಟೊರಾಂಟೊದಿಂದ ಹತ್ತಿರದ ಕಾಡುಗಳಿಗೆ ಕೆಲವು ದಿನ ‘ಪಾರ್ಕ್‌ಬಸ್’ ಓಡುತ್ತದೆ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು.

ವಾಪಸ್ ಬರುವಾಗ ಊರಿಗೆ ಏನು ತರಲಿ ಅಂತ ನಿಮ್ಮ ಮನೆಯವರು ಕೇಳೇ ಕೇಳುತ್ತಾರೆ. ಮನೂಮಿನ್ ತನ್ನಿ. ಸರೋವರದಲ್ಲಿ ತಾನಾಗಿ ಬೆಳೆಯುವ ಹುಲ್ಲಿನ ಕಾಳು, ಕಾಡಕ್ಕಿ ಅನ್ನಬಹುದು. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಕೊಯ್ಲು. ಇಬ್ಬರು ಒಂದು ದೋಣಿಯಲ್ಲಿ ಹೋಗುತ್ತಾರೆ. ಒಬ್ಬರು ದೋಣಿ ನೂಕುತ್ತಾರೆ. ಇನ್ನೊಬ್ಬರು ಒಂದು ಕೋಲಲ್ಲಿ ತೆನೆ ಬಗ್ಗಿಸಿ, ಇನ್ನೊಂದರಲ್ಲಿ ಮೆಲ್ಲಗೆ ತಟ್ಟುತ್ತಾರೆ. ಹಣ್ಣಾದ ಕಾಳಷ್ಟೇ ದೋಣಿಗೆ ಬೀಳುತ್ತದೆ. ಒಂದಿಷ್ಟು ನೀರಿಗೂ ಬೀಳುತ್ತದೆ, ಮುಂದಿನ ವರ್ಷದ ಬಿತ್ತನೆ ಅದೇ. ಆಮೇಲೆ ಹುರಿದು, ತುಳಿದು, ಗಾಳಿಗೆ ತೂರುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಕಪ್ಪನೆಯ, ಗಟ್ಟಿ ಕಾಳು ಎಷ್ಟೋ ಸಲ ಗದ್ದೆಯಲ್ಲಿ ಬೆಳೆದದ್ದು, ಇಲ್ಲವೇ ಯಂತ್ರದಿಂದ ಕೊಯ್ದದ್ದು. ಅದು ಬೇಡ. ಯಾವ ಸರೋವರದ್ದು, ಯಾರು ಕೊಯ್ದದ್ದು ಅಂತ ಚೀಟಿ ಮೇಲೆ ಬರೆದಿರುವ, ಕಂದು ಬಣ್ಣದ ಕಾಳು ಹುಡುಕಿ. ಮೂರು ಸಲ ತೊಳೆದು, ಒಂದಕ್ಕೆ ಮೂರು ಲೋಟ ನೀರಿಟ್ಟು, ಸಣ್ಣ ಉರಿಯಲ್ಲಿ ಕಾಳು ಬಾಯಿ ಬಿಡುವವರೆಗೆ ಬೇಯಿಸಿ. ಹೆಸರುಬೇಳೆ, ಮೆಣಸು, ತುಪ್ಪ ಹಾಕಿ ಪೊಂಗಲ್ ಮಾಡಿದರೆ ನಮ್ಮ ಮನೆಯಲ್ಲಿ ಪಾತ್ರೆ ತಳ ಕಾಣುತ್ತದೆ.